ಏರಿಯಾ ಬದಲಿಸಿದ ಕೂಡ್ಲೇ ‘ಸೇರಿಸು’ ಬಟನ್ ಸುಮ್ನಾಗ್ತದ, ಯಾಕ?

ಪ್ರಶ್ನೆ: ಸರ್, ನಾವು ಪುಣೆ ವಾಕಡ್‌ನ್ಯಾಗ ಇರ್ತೀವಿ, ಮೂಲ ಬಾಗಲಕೋಟಿ ಕಡೆಯವ್ರು. ನಮ್ಮ ಅಕ್ಕ ಮನ್ಯಾಗ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಎಣಗಾಯಿ ಮಾಡಿ ಆರ್ಡರ್ ಮ್ಯಾಲೆ ಕೊಡ್ತಾಳ, ಅಕಿಗೊಂದು ಸಣ್ಣ ಆರ್ಡರ್ ಪೇಜ್ ಮಾಡಿಕೊಟ್ಟೀನಿ. ಮ್ಯಾಲೆ ಏರಿಯಾ ಆರಿಸೋ ಡ್ರಾಪ್‌ಡೌನ್ ಅದ, ವಾಕಡ್, ಹಿಂಜವಡಿ, ಕೋಥ್ರೂಡ್ ಹಿಂಗ. ಆರಿಸಿದ ಕೂಡ್ಲೇ ಆ ಏರಿಯಾದ ಯಾದಿ ಸರ್ವರ್‌ನಿಂದ ಬಂದು ಕೆಳಗ ಕೂಡ್ತದ, ‘ಇನ್ನಷ್ಟು ತೋರಿಸು’ ಒತ್ತಿದ್ರ ಅದರ ಕೆಳಗ ಮತ್ತಷ್ಟು ಸೇರ್ತದ. ಪೇಜ್ ತೆರೆದಾಗ ಇರೋ ‘ಸೇರಿಸು’ ಬಟನ್ ಸರಿ ಕೆಲಸ ಮಾಡ್ತಿದ್ವು, ಆಮ್ಯಾಲೆ ಬಂದವು ಒತ್ತಿದ್ರ ಏನೂ ಆಗ್ತಿದ್ದಿಲ್ಲ, ಎರರ್ ಸೈತ ಬರ್ತಿದ್ದಿಲ್ಲ. ಗೆಳೆಯ ಹೇಳಿದ ಅಂತ ಯಾದಿ ಬಂದ ಪ್ರತಿ ಸಲ ಕ್ಲಿಕ್ ಕಟ್ಟೋ ಫಂಕ್ಷನ್ ಮತ್ತ ಕರದೆ. ಈಗ ಒಂದ್ ಸಲ ಒತ್ತಿದ್ರ ಕೆಲವು ಸಲ ಒಂದು, ಕೆಲವು ಸಲ ಮೂರು ರೊಟ್ಟಿ ಕಟ್ಟು ಬುಟ್ಟಿಗೆ ಬೀಳ್ತಾವ. ಕೋಡ್, ಎಚ್‌ಟಿಎಂಎಲ್ ಎರಡೂ ಜೊತಿಗೆ ಕಳಿಸೀನಿ, ಏನ್ ಮಾಡ್ಲಿ?

ಉತ್ತರ:

ಎರರ್ ಸೈತ ಬರ್ತಿದ್ದಿಲ್ಲ ಅಂತ ಬರದೀರಲ್ಲ, ಉತ್ತರ ಅಲ್ಲೇ ಅದ. ಬ್ರೌಸರ್ ಲೆಕ್ಕದಾಗ ನಿಮ್ಮ ಪೇಜಿನ್ಯಾಗ ತಪ್ಪು ಏನೂ ನಡದೇ ಇಲ್ಲ. ಒಂದು ಬಟನ್ ಅದ, ಅದನ್ನ ಯಾರೋ ಒತ್ತಿದ್ರು, ಒತ್ತಿದಾಗ ಏನ್ ಮಾಡ್ಬೇಕು ಅಂತ ಆ ಬಟನ್‌ಗೆ ಯಾರೂ ಹೇಳಿಟ್ಟಿಲ್ಲ, ಹಂಗಾಗಿ ಅದು ಸುಮ್ನ ಕೂತದ.

ನಿಮ್ಮ ಕೋಡ್ ಏನ್ ಮಾಡ್ತದ ನೋಡ್ರಿ. ಪೇಜ್ ತೆರೆದಾಗ ಕ್ವೆರಿ ಸೆಲೆಕ್ಟರ್ ಆಲ್ ಹಚ್ಚಿ ‘ಸೇರಿಸು’ ಕ್ಲಾಸ್ ಇರೋ ಬಟನ್ ಎಲ್ಲಾ ಹುಡುಕಿ, ಒಂದೊಂದಕ್ಕೂ ಆಡ್ ಇವೆಂಟ್ ಲಿಸನರ್ ಹಚ್ಚೀರಿ, ಅಂದ್ರ ‘ಒತ್ತಿದ್ರ ಈ ಫಂಕ್ಷನ್ ಓಡ್ಸು’ ಅಂತ ಕಟ್ಟೀರಿ, ಹಂಗ ಕಟ್ಟಿದ್ದಕ್ಕ ಲಿಸನರ್ ಅಂತಾರ. ಆ ಹುಡುಕಾಟ ನಡಿಯೋದು ಒಂದೇ ಸಲ, ಆ ಕ್ಷಣಕ್ಕ ಪೇಜಿನ್ಯಾಗ ಯಾವ್ಯಾವ ಬಟನ್ ಇದ್ವೋ ಅವಷ್ಟೇ ಕೈಗೆ ಸಿಗ್ತಾವ, ಮುಂದ ಬರೋವು ಆ ಪಟ್ಟಿಗೆ ತಾನಾಗೇ ಸೇರಂಗಿಲ್ಲ. ಮತ್ತ ಲಿಸನರ್ ಕಟ್ಕೊಳ್ಳೋದು ಕ್ಲಾಸ್ ಹೆಸರಿಗಲ್ಲ, ಆ ಬಟನ್ ಅನ್ನೋ ಎಲಿಮೆಂಟ್‌ಗೆ. ಭಾಳ ಮಂದಿ ಎಡವೋದು ಇಲ್ಲೇ. ಪೇಜಿನ ಬಣ್ಣ, ಆಕಾರ ಹೇಳೋ ಸಿಎಸ್‌ಎಸ್ ಬರದು ರೂಢಿ ಆದವ್ರಿಗೆ ಕ್ಲಾಸ್‌ಗೆ ಒಂದ್ ಸಲ ಹೇಳಿದ್ರ ಮುಂದ ಬರೋ ಎಲ್ಲಾದಕ್ಕೂ ತಾನಾಗೇ ಹತ್ತತದ ಅಂತ ಅನಸ್ತದ, ಬಣ್ಣ ಹಂಗ ಹತ್ತತದ ಖರೆ, ಕ್ಲಿಕ್ ಹತ್ತಂಗಿಲ್ಲ. ನೀವು ಏರಿಯಾ ಬದಲಿಸಿದಾಗ ಇನ್ನರ್ ಎಚ್‌ಟಿಎಂಎಲ್‌ಗೆ ಹೊಸ ಯಾದಿ ಹಾಕ್ತೀರಿ, ಹಳೇ ಬಟನ್ನು ಅವುಗಳ ಲಿಸನರ್ ಸಮೇತ ಪೇಜಿನಿಂದ ಹೊರಗ ಹೋಗ್ತಾವ, ಅವುಗಳ ಜಾಗಾದಾಗ ನೋಡ್ಲಿಕ್ಕ ಥೇಟ್ ಹಂಗ ಇರೋ ಬ್ಯಾರೆ ಬಟನ್ ಬಂದು ಕೂಡ್ತಾವ. ಹೆಸರು ಅದೇ, ಬಣ್ಣ ಅದೇ, ಬಟನ್ ಮಾತ್ರ ಬ್ಯಾರೆ.

ನನ್ನ ಮಾತು ನಂಬೋಕಿಂತ ನೀವೇ ಕಣ್ಣಾರೆ ನೋಡ್ರಿ. ಕ್ರೋಮ್‌ನ್ಯಾಗ ಪೇಜ್ ತೆರೆದು ಬಟನ್ ಮ್ಯಾಲೆ ರೈಟ್ ಕ್ಲಿಕ್ ಮಾಡಿ ಇನ್ಸ್‌ಪೆಕ್ಟ್ ಅನ್ರಿ. ಎಲಿಮೆಂಟ್ಸ್ ಪ್ಯಾನೆಲ್‌ನ್ಯಾಗ ಸ್ಟೈಲ್ಸ್ ಪಕ್ಕದಾಗ ಇವೆಂಟ್ ಲಿಸನರ್ಸ್ ಅಂತ ಒಂದು ಟ್ಯಾಬ್ ಇರ್ತದ, ಅದರಾಗ ಆನ್ಸೆಸ್ಟರ್ಸ್ ಅನ್ನೋ ಟಿಕ್ ತಗದುಬಿಡ್ರಿ, ಆಗ ಆ ಬಟನ್‌ಗೆ ನೇರ ಕಟ್ಟಿದ್ದು ಎಷ್ಟು ಅದಾವ ಅಂತ ಅಷ್ಟೇ ಕಾಣ್ತದ. ಗೆಳೆಯ ಹೇಳಿದ ರಿಪೇರಿ ಮಾಡೋಕಿಂತ ಮೊದಲಿನ ಕೋಡ್ ಇದ್ರ ಅದರಾಗ ಹೊಸ ಬಟನ್‌ಗೆ ಕ್ಲಿಕ್ ಅನ್ನೋ ಸಾಲೇ ಇರಂಗಿಲ್ಲ. ಈಗಿನ ಕೋಡ್‌ನ್ಯಾಗ ಎರಡು ಸಲ ‘ಇನ್ನಷ್ಟು ತೋರಿಸು’ ಒತ್ತಿ, ಯಾದಿಯ ಮೊದಲನೇ ಬಟನ್ ನೋಡಿದ್ರ ಕ್ಲಿಕ್ ಅನ್ನೋದರ ಕೆಳಗ ಮೂರು ಸಾಲು ಇರ್ತಾವ, ಕಟ್ಟಕಡೆಯ ಬಟನ್ ನೋಡಿದ್ರ ಒಂದೇ ಇರ್ತದ.

ನಿಮ್ಮ ‘ಕೆಲವು ಸಲ ಒಂದು, ಕೆಲವು ಸಲ ಮೂರು’ ಅನ್ನೋದರ ಗುಟ್ಟು ಇದ. ಏರಿಯಾ ಬದಲಿಸಿದಾಗ ಬಟನ್ನೆಲ್ಲಾ ಹೊಸಾವ, ಅವಕ್ಕ ಒಂದೇ ಸಲ ಕಟ್ಟಿದಂಗಾತು, ಏನೂ ತೊಂದ್ರಿ ಇಲ್ಲ. ‘ಇನ್ನಷ್ಟು’ ಒತ್ತಿದಾಗ ನೀವು ಇನ್ಸರ್ಟ್ ಅಡ್ಜಸೆಂಟ್ ಎಚ್‌ಟಿಎಂಎಲ್ ಹಚ್ಚಿ ಕೆಳಗ ಸೇರಿಸ್ತೀರಿ, ಅಂದ್ರ ಮ್ಯಾಲಿನ ಹಳೇ ಬಟನ್ ಹಂಗೇ ಉಳಿತಾವ, ಕಟ್ಟೋ ಫಂಕ್ಷನ್ ಮತ್ತ ಓಡಿದಾಗ ಅವಕ್ಕ ಎರಡನೇದು ಹತ್ತತದ, ಮತ್ತೊಮ್ಮೆ ಒತ್ತಿದ್ರ ಮೂರನೇದು. ಇಲ್ಲಿ ಇನ್ನೊಂದು ಸೂಕ್ಷ್ಮ ಅದ. ಅದೇ ಫಂಕ್ಷನ್ನು ಅದೇ ಎಲಿಮೆಂಟ್‌ಗೆ ಅದೇ ಇವೆಂಟ್‌ಗೆ ಎರಡನೇ ಸಲ ಕಟ್ಟಿದ್ರ ಬ್ರೌಸರ್ ಅದನ್ನ ಸುಮ್ನ ಬಿಟ್ಟುಬಿಡ್ತದ, ಎರಡು ಸಲ ಓಡ್ಸಂಗಿಲ್ಲ. ಆದ್ರ ನೀವು ಲೂಪ್ ಒಳಗ ಅಲ್ಲೇ ಆ್ಯರೋ ಫಂಕ್ಷನ್ ಬರದೀರಿ, ಪ್ರತಿ ಸಲ ಲೂಪ್ ತಿರುಗಿದಾಗ ಹುಟ್ಟೋದು ಹೊಸ ಫಂಕ್ಷನ್, ಒಳಗಿನ ಅಕ್ಷರ ಅವೇ ಇದ್ರೂ ಬ್ರೌಸರ್‌ಗೆ ಅದು ಬ್ಯಾರೆ. ಹಂಗಾಗಿ ಮೂರೂ ಓಡ್ತಾವ, ಮೂರು ಕಟ್ಟು ಬೀಳ್ತಾವ.

ಗೆಳೆಯ ಹೇಳಿದ್ದು ಪೂರ್ತಿ ತಪ್ಪು ಅನ್ನಂಗಿಲ್ಲ, ಹೊಸದಾಗಿ ಬಂದ ಎಲಿಮೆಂಟ್‌ಗಷ್ಟೇ ಕಟ್ಟಿದ್ರ ಅದೂ ನಡಿತದ. ಆದ್ರ ಆ ದಾರಿ ಹಿಡಿದ್ರ ಯಾದಿ ಎಲ್ಲೆಲ್ಲಿ ಬದಲಾಗ್ತದ ಅಲ್ಲೆಲ್ಲಾ ನೆನಪಿಟ್ಟು ಕಟ್ಟಬೇಕು, ಇವತ್ತು ಎರಡು ಕಡೆ ಅದ, ನಾಳೆ ನೀವು ಹುಡುಕೋ ಡಬ್ಬಿ ಹಾಕ್ತೀರಿ, ಆಮ್ಯಾಲೆ ಹಬ್ಬದ ಸ್ಪೆಷಲ್ ಅಂತ ಶೇಂಗಾ ಹೋಳಿಗಿ, ಕರದಂಟು ಬ್ಯಾರೆ ಡಬ್ಬಿಯೊಳಗ ಬರ್ತಾವ, ಒಂದು ಕಡೆ ಮರತ್ರ ಆ ದಿನ ಆರ್ಡರ್ ಬರಂಗಿಲ್ಲ, ಯಾಕ ಬರವಲ್ದು ಅಂತ ಅಕ್ಕಗ ಗೊತ್ತೂ ಆಗಂಗಿಲ್ಲ. ಅದಕ್ಕ ನಾನು ಹೇಳೋದು ಇಷ್ಟ: ಬಂದು ಹೋಗೋದಕ್ಕ ಕ್ಲಿಕ್ ಕಟ್ಟಬ್ಯಾಡ್ರಿ, ಅದು ಬಂದು ಹೋಗೋ ಜಾಗಾಕ್ಕ ಕಟ್ಟ್ರಿ. ಯಾದಿ ಬದಲಾಗ್ತದ, ಯಾದಿ ಕೂಡೋ ಡಬ್ಬಿ, ಅಂದ್ರ ಡಿವ್ ಅನ್ನೋ ಟ್ಯಾಗ್, ಬದಲಾಗಂಗಿಲ್ಲ. ಆ ಡಿವ್‌ಗೆ ಒಂದೇ ಒಂದು ಲಿಸನರ್, ಪೇಜ್ ತೆರೆದಾಗ ಒಂದೇ ಸಲ, ಮುಗೀತು. ಇದಕ್ಕ ಇವೆಂಟ್ ಡೆಲಿಗೇಷನ್ ಅಂತಾರ.

ಡಿವ್‌ಗೆ ಕಟ್ಟಿದ್ರ ಬಟನ್ ಒತ್ತಿದ್ದು ಅದಕ್ಕ ಹೆಂಗ ಗೊತ್ತಾಗ್ತದ? ಕ್ಲಿಕ್ ಅನ್ನೋದು ಒತ್ತಿದ ಎಲಿಮೆಂಟ್‌ನ್ಯಾಗೇ ಹುಟ್ಟಿ ಅಲ್ಲೇ ಸಾಯಂಗಿಲ್ಲ. ಮೊದಲು ವಿಂಡೋದಿಂದ ಡಾಕ್ಯುಮೆಂಟ್, ಬಾಡಿ, ನಿಮ್ಮ ಡಿವ್ ಅಂತ ಒಂದೊಂದೇ ಮೆಟ್ಟಲ ಕೆಳಗ ಇಳಿದು ಬಟನ್ ತನಕ ಬರ್ತದ, ಇದು ಕ್ಯಾಪ್ಚರ್ ಹಂತ. ಆಮ್ಯಾಲೆ ಬಟನ್‌ನಿಂದ ಬಂದ ದಾರಿ ಹಿಡದು ವಾಪಸ್ ಮ್ಯಾಲೆ ಏರ್ತದ, ಇದು ಬಬ್ಲಿಂಗ್ ಹಂತ. ನೀವು ಬ್ಯಾರೆ ಏನೂ ಹೇಳದಿದ್ರ ಲಿಸನರ್ ಓಡೋದು ಈ ಏರೋ ಹಂತದಾಗ. ತೊಂಬತ್ತರ ದಶಕದಾಗ ನೆಟ್‌ಸ್ಕೇಪ್ ಬ್ರೌಸರ್‌ದವ್ರು ಮ್ಯಾಲಿಂದ ಕೆಳಗ ಅಂದ್ರು, ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ದವ್ರು ಕೆಳಗಿಂದ ಮ್ಯಾಲೆ ಅಂದ್ರು, 2000ದ ನವೆಂಬರ್‌ದಾಗ ವೆಬ್‌ನ ಸ್ಟ್ಯಾಂಡರ್ಡ್ ಬರಿಯೋ ಡಬ್ಲ್ಯು3ಸಿ ಸಂಸ್ಥೆ ಹೊರಗ ತಂದ ಡಾಮ್ ಲೆವೆಲ್ 2 ಇವೆಂಟ್ಸ್ ಅನ್ನೋ ಸ್ಟ್ಯಾಂಡರ್ಡ್ ಎರಡನ್ನೂ ಇಟ್ಕೊಂತು, ಆಡ್ ಇವೆಂಟ್ ಲಿಸನರ್ ಬಂದದ್ದೂ ಅದರಾಗೇ. ಎಕ್ಸ್‌ಪ್ಲೋರರ್‌ಗೆ ಮಾತ್ರ ಅದು 2011ರ ಒಂಬತ್ತನೇ ಆವೃತ್ತಿಗೆ ಬಂತು, ಅಲ್ಲೀತನಕ ಅಟ್ಯಾಚ್ ಇವೆಂಟ್ ಅಂತ ಅದರದ್ದೇ ಬ್ಯಾರೆ ಪದ್ಧತಿ ಇತ್ತು. ಹಳೇ ಟ್ಯುಟೋರಿಯಲ್‌ನ್ಯಾಗ ಎರಡೆರಡು ಥರ ಬರದಿರೋದು ಕಂಡ್ರ ಅದಕ್ಕ, ಈಗ ಅದು ನಿಮಗ ಬೇಕಾಗಿಲ್ಲ.

ಇನ್ನ ಕೋಡ್. ಸಾಲು ಸಾಲಾಗಿ ಬಾಯಿಲೆ ಹೇಳಿದಂಗ ಹೇಳ್ತೀನಿ, ಹೇಳಿದಂಗ ಟೈಪ್ ಮಾಡ್ಕೊಂಡು ಹೋಗ್ರಿ. ಯಾದಿ ಇರೋ ಡಿವ್‌ಗೆ ಒಂದು ಐಡಿ ಕೊಡ್ರಿ, ಗೆಟ್ ಎಲಿಮೆಂಟ್ ಬೈ ಐಡಿ ಹಚ್ಚಿ ಅದನ್ನ ಒಂದು ಕಾನ್‌ಸ್ಟ್‌ನ್ಯಾಗ ಇಟ್ಕೊಳ್ರಿ. ಅದಕ್ಕ ಆಡ್ ಇವೆಂಟ್ ಲಿಸನರ್, ಮೊದಲನೇದು ಕ್ಲಿಕ್, ಎರಡನೇದು ಇವೆಂಟ್ ತಗೋಳೋ ಫಂಕ್ಷನ್. ಫಂಕ್ಷನ್ ಒಳಗಿನ ಮೊದಲನೇ ಸಾಲಿನ್ಯಾಗ ಇವೆಂಟ್ ಡಾಟ್ ಟಾರ್ಗೆಟ್ ಡಾಟ್ ಕ್ಲೋಸೆಸ್ಟ್ ಅಂತ ಕರದು ಕಂಸದೊಳಗ ‘ಸೇರಿಸು’ ಬಟನ್‌ನ ಕ್ಲಾಸ್ ಸೆಲೆಕ್ಟರ್ ಕೊಡ್ರಿ, ಬಂದದ್ದನ್ನ ಬಟನ್ ಅಂತ ಇಟ್ಕೊಳ್ರಿ. ಎರಡನೇ ಸಾಲು, ಬಟನ್ ಸಿಗಲಿಲ್ಲ ಅಂದ್ರ ರಿಟರ್ನ್. ಮೂರನೇ ಸಾಲು, ಬಟನ್ ಡಾಟ್ ಡೇಟಾಸೆಟ್ ಡಾಟ್ ಐಡಿಯಿಂದ ಯಾವ ಪದಾರ್ಥ ಅಂತ ತಗೊಂಡು ಬುಟ್ಟಿಗೆ ಸೇರಿಸೋ ಫಂಕ್ಷನ್‌ಗೆ ಕೊಡ್ರಿ. ಅಷ್ಟ. ಸರ್ವರ್‌ನಿಂದ ಬರೋ ಎಚ್‌ಟಿಎಂಎಲ್‌ದಾಗ ಪ್ರತಿ ಬಟನ್‌ಗೆ ಡೇಟಾ ಹೈಫನ್ ಐಡಿ ಅಂತ ಆಟ್ರಿಬ್ಯೂಟ್ ಇರಬೇಕು, ಅದೊಂದು ನೋಡ್ಕೊಳ್ರಿ.

ಕ್ಲೋಸೆಸ್ಟ್ ಯಾಕ ಬೇಕು, ಟಾರ್ಗೆಟ್‌ಗೇ ಆ ಕ್ಲಾಸ್ ಅದನೋ ಇಲ್ಲೋ ನೋಡಿದ್ರ ಸಾಲಂಗಿಲ್ಲೇನು ಅಂತ ಕೇಳ್ತೀರಿ. ನೀವು ಕಳಿಸಿದ ಎಚ್‌ಟಿಎಂಎಲ್‌ನ್ಯಾಗ ಬಟನ್ ಒಳಗ ಒಂದು ಪ್ಲಸ್ ಐಕಾನ್ ಅದ, ಎಸ್‌ವಿಜಿ ಅನ್ನೋ ಚಿತ್ರದ ಟ್ಯಾಗ್, ಅದರೊಳಗ ಪಾತ್ ಅಂತ ಒಂದು ಟ್ಯಾಗ್. ಗಿರಾಕಿ ಬಟ್ಟು ‘ಸೇರಿಸು’ ಅನ್ನೋ ಅಕ್ಷರದ ಮ್ಯಾಲೆ ಬಿದ್ರ ಟಾರ್ಗೆಟ್ ಬಟನ್ನು, ಪ್ಲಸ್ ಮ್ಯಾಲೆ ಬಿದ್ರ ಟಾರ್ಗೆಟ್ ಆ ಪಾತ್ ಇಲ್ಲಾ ಎಸ್‌ವಿಜಿ. ಪಾತ್‌ಗೆ ನಿಮ್ಮ ಕ್ಲಾಸ್ ಇಲ್ಲ, ಹಂಗಾಗಿ ಚೆಕ್ ಫೇಲ್ ಆಗ್ತದ, ಅದೇ ಬಟನ್ ಒಂದು ಮೂಲ್ಯಾಗ ಒತ್ತಿದ್ರ ಕೆಲಸ ಮಾಡ್ತದ, ನಡುವ ಒತ್ತಿದ್ರ ಮಾಡಂಗಿಲ್ಲ. ಇಂಥ ತೊಂದ್ರಿ ಹಿಡಿಯೋದು ಭಾಳ ಕಠಿಣ, ಯಾಕಂದ್ರ ನೀವು ಟೆಸ್ಟ್ ಮಾಡುವಾಗ ಮೌಸ್ ಪ್ರತಿ ಸಲ ಅಕ್ಷರದ ಮ್ಯಾಲೇ ಹೋಗಿರ್ತದ, ಗಿರಾಕಿ ಮಾತ್ರ ‘ನಿಮ್ಮ ಪೇಜ್ ಒಮ್ಮೊಮ್ಮೆ ನಡಿಯಂಗಿಲ್ಲ’ ಅಂತಾರ. ಕ್ಲೋಸೆಸ್ಟ್ ಏನ್ ಮಾಡ್ತದ ಅಂದ್ರ ಒತ್ತಿದ ಜಾಗಾದಿಂದ ಶುರು ಮಾಡಿ ಒಂದೊಂದೇ ಮೆಟ್ಟಲ ಮ್ಯಾಲೆ ಏರ್ತಾ ಆ ಸೆಲೆಕ್ಟರ್‌ಗೆ ಹೊಂದೋ ಮೊದಲನೇ ಎಲಿಮೆಂಟ್ ಹುಡುಕಿ ಕೊಡ್ತದ, ತಾನೇ ಹೊಂದಿದ್ರ ತನ್ನನ್ನೇ ಕೊಡ್ತದ, ಎಲ್ಲೂ ಸಿಗಲಿಲ್ಲ ಅಂದ್ರ ನಲ್, ಅಂದ್ರ ‘ಏನೂ ಇಲ್ಲ’. ಅದು ನಿಮ್ಮ ಡಿವ್‌ಗೆ ಬಂದು ನಿಲ್ಲಂಗಿಲ್ಲ, ದಾಟಿ ಮ್ಯಾಲೂ ಹೋಗ್ತದ, ಹಂಗಾಗಿ ಹೊರಗಿನ ಯಾವುದೋ ಎಲಿಮೆಂಟ್‌ಗೂ ಅದೇ ಕ್ಲಾಸ್ ಕೊಟ್ಟಿದ್ರ ಸಿಕ್ಕದ್ದು ಡಿವ್ ಒಳಗಿಂದೇನೋ ಅಂತ ಕಂಟೇನ್ಸ್ ಹಚ್ಚಿ ನೋಡ್ಬೇಕು. ನಿಮ್ಮ ಪೇಜಿಗೆ ಅದು ಬೇಕಾಗಿಲ್ಲ.

ಟಾರ್ಗೆಟ್ ಅಂದ್ರ ನಿಜವಾಗಿ ಒತ್ತಿದ್ದು, ಕರೆಂಟ್ ಟಾರ್ಗೆಟ್ ಅಂದ್ರ ಲಿಸನರ್ ಕಟ್ಟಿದ್ದು, ಇಲ್ಲಿ ಅದು ನಿಮ್ಮ ಡಿವ್. ಹಳೇ ಕೋಡ್‌ನ್ಯಾಗ ದಿಸ್ ಅಂತ ಬರದಿದ್ರ ಅದನ್ನೂ ಬದಲಿಸಬೇಕು, ಮೊದಲು ಅದು ಬಟನ್ ಆಗಿತ್ತು, ಈಗ ಡಿವ್ ಆಗ್ತದ, ಆ್ಯರೋ ಫಂಕ್ಷನ್ ಇದ್ರ ಅದೂ ಅಲ್ಲ.

ಡೇಟಾಸೆಟ್ ಬಗ್ಗೆ ಎರಡು ಮಾತು, ಇದು ರೊಕ್ಕದ ವಿಷಯ. ಡೇಟಾಸೆಟ್‌ನಿಂದ ಬರೋದೆಲ್ಲಾ ಸ್ಟ್ರಿಂಗ್, ಅಂದ್ರ ಬರೇ ಅಕ್ಷರದ ಸಾಲು, ಅಂಕಿ ಕಂಡ್ರೂ ಸ್ಟ್ರಿಂಗ್. ಬುಟ್ಟಿಯೊಳಗ 2 ಕಟ್ಟು ಇದ್ದಾಗ 1 ಕೂಡಿಸಿದ್ರ 3 ಆಗೋ ಬದಲು 21 ಆಗ್ತದ, ನಂಬರ್ ಅನ್ನೋ ಫಂಕ್ಷನ್‌ನ್ಯಾಗ ಹಾಕಿ ತಗೋರಿ. ಎರಡನೇದು, ನೀವು ಬಟನ್ ಮ್ಯಾಲೆ ಡೇಟಾ ಹೈಫನ್ ಪ್ರೈಸ್ ಅಂತ ದರಾನೂ ಇಟ್ಟೀರಿ. ತೋರಿಸ್ಲಿಕ್ಕ ಇಟ್ಕೊಳ್ರಿ, ಬಿಲ್ ಮಾಡ್ಲಿಕ್ಕ ಅದನ್ನ ನಂಬಬ್ಯಾಡ್ರಿ. ಇನ್ಸ್‌ಪೆಕ್ಟ್ ತೆರೆದು ಆ ಅಂಕಿ ಬದಲಿಸೋದು ಯಾರಿಗೂ ಬರ್ತದ, ಸರ್ವರ್‌ಗೆ ಪದಾರ್ಥದ ಐಡಿ ಮತ್ತ ಎಷ್ಟು ಬೇಕು ಅನ್ನೋದಷ್ಟೇ ಕಳಿಸ್ರಿ, ದರ ಅಲ್ಲೇ ಹುಡುಕಿ ಲೆಕ್ಕ ಹಾಕ್ಲಿ. ಒಬ್ಬ ಹೆಣ್ಮಗಳು ನಸಿಕ್ಲೆ ಎದ್ದು ಹಂಚಿನ ಮುಂದ ನಿಂತು ದುಡಿದ ರೊಕ್ಕ ಅದು.

ಲಿಸನರ್ ಎಲ್ಲಿ ಕಟ್ಟಬೇಕು ಅನ್ನೋದಕ್ಕ ಕೆಲವ್ರು ನೇರ ಡಾಕ್ಯುಮೆಂಟ್‌ಗೇ ಕಟ್ಟ್ರಿ, ಅದಂತೂ ಎಲ್ಲಿಗೂ ಹೋಗಂಗಿಲ್ಲ ಅಂತಾರ. ನಾನು ಬ್ಯಾಡ ಅಂತೀನಿ. ಕ್ಲಿಕ್ಕು ಬಟನ್‌ನಿಂದ ಡಾಕ್ಯುಮೆಂಟ್ ತನಕ ಏರೋ ದಾರ್‍ಯಾಗ ಯಾವುದೋ ಕೋಡ್ ಸ್ಟಾಪ್ ಪ್ರೊಪಗೇಷನ್ ಅಂದ್ರ ಅಲ್ಲೇ ನಿಂತುಬಿಡ್ತದ, ಪಾಪ್‌ಅಪ್, ಸ್ಲೈಡರ್ ಲೈಬ್ರರಿಗಳು ಹಿಂಗ ಮಾಡೋದು ಭಾಳ, ದಾರಿ ಉದ್ದ ಆದಷ್ಟು ತಡಿಯೋವು ಹೆಚ್ಚು. ಇನ್ನೊಂದು, ಐಫೋನ್ ಸಫಾರಿಯೊಳಗ ಹಳೇ ಕಾಲದಿಂದ ಒಂದು ವಿಚಿತ್ರ ಅದ, ಡಿವ್, ಸ್ಪ್ಯಾನ್‌ನಂಥ ಸಾದಾ ಎಲಿಮೆಂಟ್ ಮ್ಯಾಲೆ ತಟ್ಟಿದ್ರ ಆ ಕ್ಲಿಕ್ ಬಾಡಿ, ಡಾಕ್ಯುಮೆಂಟ್ ತನಕ ಮುಟ್ಟಂಗಿಲ್ಲ, ಆ ಎಲಿಮೆಂಟ್‌ಗೆ ಸಿಎಸ್‌ಎಸ್‌ನ್ಯಾಗ ಕರ್ಸರ್ ಪಾಯಿಂಟರ್ ಕೊಟ್ರ ಮುಟ್ತದ. ರಿಯಾಕ್ಟ್ ಅನ್ನೋ ಜಾವಾಸ್ಕ್ರಿಪ್ಟ್ ಲೈಬ್ರರಿಯವ್ರು ಸೈತ ಮೊದಲು ಎಲ್ಲಾ ಇವೆಂಟ್ ಡಾಕ್ಯುಮೆಂಟ್‌ಗೇ ಕಟ್ತಿದ್ರು, 2020ರ ಅಕ್ಟೋಬರ್‌ದಾಗ ಬಂದ 17ನೇ ಆವೃತ್ತಿಯಿಂದ ತಮ್ಮ ರೂಟ್ ಡಬ್ಬಿಗೆ ಇಳಿಸಿಕೊಂಡ್ರು, ಒಂದೇ ಪೇಜಿನ್ಯಾಗ ಎರಡು ಆವೃತ್ತಿ ಇದ್ರ ಒಂದಕ್ಕೊಂದು ತೊಡಕು ಆಗಬಾರ್ದು ಅಂತ. ನಿಮಗ ನನ್ನ ಸಲಹೆ, ಬಟನ್‌ಗೆ ಆದಷ್ಟು ಹತ್ತಿರ ಇರೋ, ಆದ್ರ ಯಾವತ್ತೂ ಬದಲಾಗದ ಡಿವ್ ಹುಡುಕ್ರಿ. ಎಚ್ಚರ ಏನಂದ್ರ ಯಾದಿ ಬದಲಿಸುವಾಗ ನೀವು ಔಟರ್ ಎಚ್‌ಟಿಎಂಎಲ್ ಹಚ್ಚಿ ಆ ಡಿವ್‌ನ್ನೇ ಬದಲಿಸಿದ್ರ ಲಿಸನರ್ ಅದರ ಜೊತಿಗೇ ಹೋಗ್ತದ, ಹಳೇ ಕಥಿ ಮತ್ತ ಶುರು.

ಜೆಕ್ವೆರಿ ಅನ್ನೋ ಹಳೇ ಜಾವಾಸ್ಕ್ರಿಪ್ಟ್ ಲೈಬ್ರರಿ ವಿಷಯಾನೂ ಹೇಳ್ಬೇಕು, ಯಾಕಂದ್ರ ಹುಡುಕಿದ್ರ ಸಿಗೋ ಉತ್ತರ ಅರ್ಧಕ್ಕರ್ಧ ಅದರದ್ದೇ, ಅದರಾಗ ಭಾಳ ಹಳೇವು. ಇದೇ ತೊಂದ್ರಿಗೆ 2009ರಾಗ 1.3 ಆವೃತ್ತಿಯೊಳಗ ಲೈವ್ ಅಂತ ಒಂದು ಮೆಥಡ್ ತಂದ್ರು, ಅದು ಎಲ್ಲಾ ಡಾಕ್ಯುಮೆಂಟ್‌ಗೇ ಕಟ್ತಿತ್ತು, ಮುಂದಿನ ವರ್ಷ ಡೆಲಿಗೇಟ್ ಬಂತು, 2011ರಾಗ 1.7ಕ್ಕ ಎಲ್ಲಾ ಸೇರಿಸಿ ಆನ್ ಅಂತ ಒಂದೇ ಮಾಡಿದ್ರು, 2013ರ 1.9ರಾಗ ಲೈವ್ ತಗದೇಬಿಟ್ರು. ಹಂಗಾಗಿ ಎಲ್ಲಾದ್ರೂ ‘ಲೈವ್ ಹಚ್ಚ್ರಿ ಸರಿಹೋಗ್ತದ’ ಅಂತ ಕಂಡ್ರ ಆ ಉತ್ತರ ಬಿಟ್ಟು ಮುಂದ ಹೋಗ್ರಿ. ಆನ್‌ದಾಗೂ ಒಂದು ಗೊಂದಲ ಅದ. ಆನ್ ಹಚ್ಚಿದ್ರ ಹೊಸ ಬಟನ್‌ಗೂ ತಾನಾಗೇ ಹತ್ತತದ ಅಂತ ಮಂದಿ ತಿಳ್ಕೊಂಡಾರ, ಅದು ತಪ್ಪು. ಬಟನ್‌ನ ಕ್ಲಾಸ್ ಹುಡುಕಿ ಅದಕ್ಕ ಆನ್ ಕರದು ಕ್ಲಿಕ್ ಮತ್ತ ಫಂಕ್ಷನ್ ಅಂತ ಎರಡೇ ಕೊಟ್ರ ಅದು ನೇರ ಕಟ್ಟಿದಂಗ, ನಿಮ್ಮ ಈಗಿನ ಕೋಡ್‌ಗೂ ಅದಕ್ಕೂ ಫರಕು ಇಲ್ಲ. ಡಿವ್‌ನ ಐಡಿ ಹುಡುಕಿ ಅದಕ್ಕ ಆನ್ ಕರದು, ಕ್ಲಿಕ್, ನಡುವ ಬಟನ್‌ನ ಸೆಲೆಕ್ಟರ್, ಆಮ್ಯಾಲೆ ಫಂಕ್ಷನ್ ಅಂತ ಮೂರು ಕೊಟ್ರ ಮಾತ್ರ ಡೆಲಿಗೇಷನ್. ಆ ನಡುವಿನ ಸೆಲೆಕ್ಟರ್ ಮ್ಯಾಲೇ ಎಲ್ಲಾ ನಿಂತದ. ಅಲ್ಲಿ ದಿಸ್ ಮತ್ತ ಕರೆಂಟ್ ಟಾರ್ಗೆಟ್ ಎರಡೂ ಜೆಕ್ವೆರಿನೇ ಬಟನ್‌ಗೆ ಹೊಂದಿಸಿ ಕೊಡ್ತದ, ಸಾದಾ ಜಾವಾಸ್ಕ್ರಿಪ್ಟ್ ಹಂಗಲ್ಲ. ಇಷ್ಟು ಸಣ್ಣ ಪೇಜಿಗೆ ಜೆಕ್ವೆರಿ ಹೊಸದಾಗಿ ತರೋದು ಬ್ಯಾಡ, ಈಗಾಗ್ಲೇ ಇದ್ರ ಇರ್ಲಿ.

ಬಟನ್ ಟ್ಯಾಗ್‌ನ್ಯಾಗೇ ಆನ್‌ಕ್ಲಿಕ್ ಅಂತ ಬರದುಬಿಟ್ರ ಈ ರಗಳೆನೇ ಇಲ್ಲಲ್ಲ ಅಂತ ಯಾರಾದ್ರೂ ಹೇಳ್ತಾರ. ಅದು ನಡಿತದ, ಇನ್ನರ್ ಎಚ್‌ಟಿಎಂಎಲ್‌ನಿಂದ ಬಂದ್ರೂ ನಡಿತದ. ಆದ್ರ ಆ ಫಂಕ್ಷನ್ ಗ್ಲೋಬಲ್ ಇರಬೇಕು, ಸ್ಕ್ರಿಪ್ಟ್‌ಗೆ ಟೈಪ್ ಮಾಡ್ಯೂಲ್ ಕೊಟ್ರ ಸಿಗಂಗಿಲ್ಲ, ಸರ್ವರ್‌ದಾಗ ಕಟ್ಟುನಿಟ್ಟಾದ ಸಿಎಸ್‌ಪಿ, ಅಂದ್ರ ಪೇಜಿನ್ಯಾಗ ಯಾವ ಸ್ಕ್ರಿಪ್ಟ್ ಓಡಬೋದು ಅನ್ನೋ ನಿಯಮ, ಹಾಕಿದ ದಿನ ಎಲ್ಲಾ ಬಟನ್ ಒಮ್ಮೆಲೇ ನಿಲ್ತಾವ. ಬಂದ ಎಚ್‌ಟಿಎಂಎಲ್ ಒಳಗ ಸ್ಕ್ರಿಪ್ಟ್ ಟ್ಯಾಗ್ ಇಟ್ಟು ಅಲ್ಲೇ ಕಟ್ಟೋಣ ಅನ್ನೋರಿಗೆ, ಇನ್ನರ್ ಎಚ್‌ಟಿಎಂಎಲ್‌ನಿಂದ ಬಂದ ಸ್ಕ್ರಿಪ್ಟ್ ಬ್ರೌಸರ್ ಓಡ್ಸಂಗೇ ಇಲ್ಲ.

ಎಲ್ಲಾ ಇವೆಂಟ್ ಹಿಂಗ ಮ್ಯಾಲೆ ಏರಂಗಿಲ್ಲ. ಕ್ಲಿಕ್, ಇನ್‌ಪುಟ್, ಚೇಂಜ್ ಏರ್ತಾವ, ಹಂಗಾಗಿ ಎಷ್ಟು ಕಟ್ಟು ಅನ್ನೋ ಡಬ್ಬಿಗೂ ಇದೇ ಪದ್ಧತಿ ನಡಿತದ. ಫೋಕಸ್, ಬ್ಲರ್ ಏರಂಗಿಲ್ಲ, ಅವುಗಳ ಬದಲು ಫೋಕಸ್‌ಇನ್, ಫೋಕಸ್‌ಔಟ್ ತಗೋರಿ. ಮೌಸ್‌ಎಂಟರ್ ಏರಂಗಿಲ್ಲ, ಮೌಸ್‌ಓವರ್ ಏರ್ತದ. ಫೋಟೋ ಲೋಡ್ ಆಗದಿದ್ದಾಗ ಬರೋ ಎರರ್ ಇವೆಂಟೂ ಏರಂಗಿಲ್ಲ, ಆದ್ರ ಇಳಿಯೋ ಹಂತ ಅದಕ್ಕೂ ಅದ, ಲಿಸನರ್‌ಗೆ ಮೂರನೇದಾಗಿ ಟ್ರೂ ಕೊಟ್ಟು ಕ್ಯಾಪ್ಚರ್‌ದಾಗ ಹಿಡೀರಿ, ಒಡೆದ ಫೋಟೋ ಜಾಗಾದಾಗ ಬ್ಯಾರೆ ಚಿತ್ರ ಹಾಕ್ಬೋದು.

ಇನ್ನ ನೀವು ಕೇಳದೇ ಇದ್ದ ಒಂದು ಮಾತು, ಇದು ಕ್ಲಿಕ್‌ಗಿಂತ ದೊಡ್ಡ ತೊಂದ್ರಿ ಅಂತ ನನಗ ಅನಸ್ತದ. ಗಿರಾಕಿ ವಾಕಡ್ ಆರಿಸಿದ್ರು, ತಡ ಆತು ಅಂತ ತಿಳಿದು ಕೋಥ್ರೂಡ್ ಆರಿಸಿದ್ರು. ಎರಡು ರಿಕ್ವೆಸ್ಟ್ ಹೋದ್ವು. ಮೊದಲು ಕಳಿಸಿದ್ದು ಮೊದಲು ಬರ್ತದ ಅನ್ನೋ ಭರವಸೆ ಇಲ್ಲ. ಮೆಟ್ರೋ ಶಿವಾಜಿನಗರದಿಂದ ಸ್ವಾರಗೇಟ್ ತನಕ ನೆಲದ ಕೆಳಗ ಹೋಗ್ತದ, ಅಲ್ಲಿ ನೆಟ್‌ವರ್ಕ್ ಒಮ್ಮೆ ಬಂದು ಒಮ್ಮೆ ಹೋಗೋ ಹೊತ್ತಿನ್ಯಾಗ ಕೋಥ್ರೂಡ್ ಯಾದಿ ಬಂದು ಕೂತ ಮ್ಯಾಲೆ ವಾಕಡ್ ಯಾದಿ ತಡ ಆಗಿ ಬಂದು ಅದನ್ನ ಅಳಿಸಿ ತಾನು ಕೂಡ್ತದ. ಡ್ರಾಪ್‌ಡೌನ್ ಕೋಥ್ರೂಡ್ ಅಂತದ, ಕೆಳಗ ವಾಕಡ್ ಪದಾರ್ಥ, ಬಟನ್ ಈಗ ಚಂದ ಕೆಲಸ ಮಾಡ್ತಾವ, ತಪ್ಪು ಆರ್ಡರ್ ಬೀಳ್ತದ. ಇದಕ್ಕ ಅಬಾರ್ಟ್ ಕಂಟ್ರೋಲರ್ ಅಂತ ಬ್ರೌಸರ್‌ನ್ಯಾಗೇ ಅದ, ಹೊಸ ರಿಕ್ವೆಸ್ಟ್ ಕಳಿಸೋಕಿಂತ ಮೊದಲು ಹಳೇದರ ಅಬಾರ್ಟ್ ಕರೀರಿ, ಹೊಸ ಕಂಟ್ರೋಲರ್ ಮಾಡಿ ಅದರ ಸಿಗ್ನಲ್ ಯಾದಿ ತರೋ ಫೆಚ್ ಫಂಕ್ಷನ್‌ಗೆ ಕೊಡ್ರಿ. ರದ್ದಾದ ಫೆಚ್ ಅಬಾರ್ಟ್ ಎರರ್ ಅಂತ ಒಗೀತದ, ಕ್ಯಾಚ್‌ನ್ಯಾಗ ಅದೊಂದನ್ನ ಸುಮ್ನ ಬಿಟ್ಟು ಉಳಿದದ್ದಕ್ಕ ‘ಯಾದಿ ಬರಲಿಲ್ಲ, ಮತ್ತೊಮ್ಮೆ ನೋಡ್ರಿ’ ಅಂತ ತೋರಿಸ್ರಿ. ‘ಸೇರಿಸು’ ಒತ್ತಿದಾಗ ಸರ್ವರ್‌ಗೆ ಹೋಗಿ ಬರೋದಿದ್ರ ಬಟನ್‌ನ್ನ ಅಷ್ಟೊತ್ತು ಡಿಸೇಬಲ್ ಮಾಡ್ರಿ, ಉತ್ತರ ಬಂದ ಮ್ಯಾಲೆ ಬಿಡ್ರಿ, ಗಡಿಬಿಡ್ಯಾಗ ಎರಡು ಸಲ ತಟ್ಟಿದ್ರೂ ಒಂದೇ ಹೋಗ್ತದ.

ಮತ್ತ, ಬಟನ್‌ಗೆ ಬಟನ್ ಟ್ಯಾಗ್‌ನೇ ಇಡ್ರಿ. ನೀವು ಕೆಲವು ಪದಾರ್ಥಕ್ಕ ಡಿವ್ ಬಟನ್ನಿನಂಗ ಕಾಣೋ ಹಂಗ ಮಾಡೀರಿ, ನೋಡ್ಲಿಕ್ಕ ಒಂದೇ, ಆದ್ರ ಕೀಬೋರ್ಡ್‌ಲೆ ಟ್ಯಾಬ್ ಒತ್ತಿ ಅಲ್ಲಿಗೆ ಹೋಗ್ಲಿಕ್ಕ ಬರಂಗಿಲ್ಲ, ಎಂಟರ್ ಒತ್ತಿದ್ರ ಕ್ಲಿಕ್ ಆಗಂಗಿಲ್ಲ, ಕಣ್ಣು ಕಾಣದವ್ರ ಫೋನ್‌ನ್ಯಾಗ ಪರದೆ ಓದಿ ಹೇಳೋ ಟಾಕ್‌ಬ್ಯಾಕ್ ಅದನ್ನ ಬಟನ್ ಅಂತ ಓದಂಗಿಲ್ಲ. ಮಕ್ಕಳು ಹಿಂಜವಡಿಗೆ ಕೆಲಸಕ್ಕ ಹೋದ ಮ್ಯಾಲೆ ಮನ್ಯಾಗ ಇರೋ ಅಪ್ಪ ಅವ್ವನೇ ಊರ ರೊಟ್ಟಿ ಬೇಕು ಅಂತ ನಿಮ್ಮ ಪೇಜ್ ತೆರಿಯೋದು, ಅವ್ರಿಗೆ ಒತ್ತಲಿಕ್ಕ ಬರಬೇಕು. ಬಟನ್ ಟ್ಯಾಗ್ ಇಟ್ರ ಇದೆಲ್ಲಾ ಪುಗಸಟ್ಟೆ ಸಿಗ್ತದ. ಯಾದಿ ಫಾರ್ಮ್ ಒಳಗ ಇದ್ರ ಟೈಪ್‌ನ್ಯಾಗ ಬಟನ್ ಅಂತ ಬರೀಲೇಬೇಕು, ಬಿಟ್ರ ಅದು ಸಬ್‌ಮಿಟ್ ಆಗಿ ಪೇಜೇ ರೀಲೋಡ್ ಆಗ್ತದ.

ಹೊಸ ಯಾದಿಯೊಳಗ ಕ್ಯಾಲೆಂಡರ್‌ನಂಥ ವಿಜೆಟ್ ಬಂದ್ರ ಅದಕ್ಕ ಡೆಲಿಗೇಷನ್ ಸಾಲಂಗಿಲ್ಲ, ಅದು ಒತ್ತೋಕಿಂತ ಮೊದಲೇ ತಯಾರಾಗಬೇಕು. ಅಲ್ಲಿ ಗೆಳೆಯನ ದಾರಿನೇ ಸರಿ, ಯಾದಿ ಬಂದ ಮ್ಯಾಲೆ ಹೊಸದಾಗಿ ಬಂದವಕ್ಕಷ್ಟೇ ಶುರು ಮಾಡಿಸ್ರಿ. ಯಾದಿ ಬ್ಯಾರೆ ಯಾರದೋ ಸ್ಕ್ರಿಪ್ಟ್ ಹಾಕ್ತದ, ಯಾವಾಗ ಹಾಕ್ತದ ಗೊತ್ತಾಗಂಗಿಲ್ಲ ಅಂದ್ರ ಪೇಜ್ ಬದಲಾಗೋದನ್ನ ಕಾಯ್ತಾ ಕೂಡೋ ಮ್ಯುಟೇಷನ್ ಅಬ್ಸರ್ವರ್ ಹಚ್ಚಬೇಕಾಗ್ತದ. ಕ್ಲಿಕ್ ಸಲುವಾಗಿ ಅಷ್ಟು ದೂರ ಹೋಗಬ್ಯಾಡ್ರಿ.

ಈಗ ಮಾಡೋ ಕ್ರಮ. ಮೊದಲು ಹಳೇ ಕಟ್ಟೋ ಫಂಕ್ಷನ್ನು, ಅದನ್ನ ಕರಿಯೋ ಸಾಲು ಎಲ್ಲೆಲ್ಲಿ ಅದಾವ ಎಲ್ಲಾ ಅಳಿಸ್ರಿ, ಒಂದು ಉಳಿದ್ರೂ ಹೊಸದೂ ಹಳೇದೂ ಎರಡೂ ಓಡಿ ಮತ್ತ ಎರಡೆರಡು ಕಟ್ಟು ಬೀಳ್ತಾವ. ಆಮ್ಯಾಲೆ ಡಿವ್‌ಗೆ ಹೊಸ ಲಿಸನರ್ ಹಾಕಿ, ಏರಿಯಾ ಬದಲಿಸಿ, ಎರಡು ಸಲ ‘ಇನ್ನಷ್ಟು’ ಒತ್ತಿ, ಮೊದಲನೇ ಬಟನ್, ಕಡೆಯ ಬಟನ್ ಎರಡೂ ಅಕ್ಷರದ ಮ್ಯಾಲೊಮ್ಮೆ ಪ್ಲಸ್ ಮ್ಯಾಲೊಮ್ಮೆ ಒತ್ತಿ ನೋಡ್ರಿ. ಇಷ್ಟಾಗಿಯೂ ಕ್ಲಿಕ್ ಬರವಲ್ದು ಅಂದ್ರ ವಿಂಡೋಗೆ ಕ್ಯಾಪ್ಚರ್ ಟ್ರೂ ಕೊಟ್ಟು ಒಂದು ಲಿಸನರ್ ಹಾಕಿ ಟಾರ್ಗೆಟ್ ಏನ್ ಬರ್ತದ ಅಂತ ಕನ್ಸೋಲ್‌ನ್ಯಾಗ ಬರಿಸ್ರಿ. ಅಲ್ಲಿ ಬಟನ್ ಕಂಡ್ರ ನಡುವ ಎಲ್ಲೋ ಸ್ಟಾಪ್ ಪ್ರೊಪಗೇಷನ್ ಅದ, ಅದನ್ನ ಹುಡುಕ್ರಿ. ಬ್ಯಾರೆ ಯಾವುದೋ ಡಿವ್ ಕಂಡ್ರ ಅದು ನಿಮ್ಮ ‘ಲೋಡ್ ಆಗ್ತಾ ಅದ’ ಅನ್ನೋ ಪರದೆ ಇರ್ಬೋದು, ನೀವು ಅದರ ಒಪ್ಯಾಸಿಟಿ ಸೊನ್ನೆ ಮಾಡಿ ಮರೆ ಮಾಡೀರಿ, ಕಣ್ಣಿಗೆ ಕಾಣಂಗಿಲ್ಲ ಆದ್ರ ಯಾದಿ ಮ್ಯಾಲೆ ಇನ್ನೂ ಹಾಸಿಕೊಂಡೇ ಇರ್ತದ, ಕ್ಲಿಕ್ಕೆಲ್ಲಾ ಅದೇ ತಗೋತದ. ಯಾದಿ ಬಂದ ಕೂಡ್ಲೇ ಅದಕ್ಕ ಡಿಸ್‌ಪ್ಲೇ ನನ್ ಕೊಡ್ರಿ.